ಪುದಿಯಾಪ್ಲೆಯ ಕೋಣೆ

ಯಿವು, ಚೀನಾ
ಮೇ 25

ಲೈಲಾ, ಅಸ್ಸಲಾಮು ಅಲೈಕುಂ.

ಬಂದು ಮುಟ್ಟಿದೆ. ವಾಟ್ಸಾಪ್ ಇಲ್ಲಿ ಸತ್ತು ಬಿದ್ದಿದೆ, ಅಂಗಡಿಯ ಮೇಲ್ ಒಂದೇ ತೆರೆಯುತ್ತಿದೆ. ಮದುವೆಯಾದ ಹೊಸದರಲ್ಲಿ ದುಬೈಯ ದೇರಾದಿಂದ ಉಳ್ಳಾಲಕ್ಕೆ ಬರೆಯುತ್ತಿದ್ದ ಹಾಗೆ ನಿನಗೆ ಮತ್ತೆ ಕಾಗದ ಬರೆಯುವ ಯೋಗ ಬಂತು. ಒಳ್ಳೆಯದೇ ಆಯಿತು. ಫೋನಿನಲ್ಲಾದರೆ ನಾನು ಒಂದು ಮಾತು ಮುಗಿಸುವುದರೊಳಗೆ ನೀನು ನಾಲ್ಕು ಹೇಳುತ್ತೀ.

ಇಷ್ಟು ವರ್ಷ ಕುಕ್ಕರು, ಫ್ಲಾಸ್ಕು ಕೊಳ್ಳಲು ಈ ಊರಿಗೆ ಬರುತ್ತಿದ್ದವನು ಈ ಸಲ ಮಗಳ ಸಂಬಂಧ ನೋಡಲು ಬಂದಿದ್ದೇನೆ ಎಂದರೆ ನನಗೇ ನಂಬಿಕೆ ಬರುವುದಿಲ್ಲ. ತಪ್ಪು ಯಾರದ್ದು? ನನ್ನದೇ. ಇಲ್ಲಿ ಸರಕು ಕೊಳ್ಳುವಾಗ ನನಗೆ ದುಭಾಷಿಯಾಗುವ ಚೀನದ ಮುಸಲ್ಮಾನ ಇಸ್‌ಹಾಕ್ ಅವತ್ತು, ‘ನನ್ನ ಅಕ್ಕನ ಮಗ ದುಬೈಗೆ ಬರುತ್ತಿದ್ದಾನೆ, ಸ್ವಲ್ಪ ನೋಡಿಕೊಳ್ಳಿ’ ಎಂದ. ಪರದೇಶದಲ್ಲಿ ಒಂಟಿ ಮುಸ್ಲಿಂ ಹುಡುಗ, ರಂಜಾನಿನ ನೋಂಬು ತೆರೆಯಲು ಯಾರೂ ಇಲ್ಲ ಎಂದು ಕನಿಕರಪಟ್ಟು ಯೂಸುಫನನ್ನು ಮನೆಗೆ ಕರೆತಂದವನು ನಾನು. ಜೆಬೆಲ್ ಅಲಿಯ ಕಂಪನಿಯಲ್ಲಿ ಅವನಿಗೆ ಕೆಲಸ ಹೇಳಿದವನೂ ನಾನು. ಆಮೇಲೆ ಮಗಳು ಸುಮೀನಾಳನ್ನು ಅದೇ ಕಂಪನಿಗೆ ಸೇರಿಸಿದವನೂ ಈ ಬುದ್ಧಿವಂತನೇ.

ಇಸ್‌ಹಾಕ್ ಬಕ್ರೀದ್ ಪೆರ್ನಾಲಿಗೆ ತನ್ನ ಕಾರಿನಲ್ಲೇ ಊರಿಗೆ ಹೊರಟಿದ್ದಾನೆ. ಊರು ಗನ್ಸು ಪ್ರಾಂತದಲ್ಲಿ, ಲಾಂಜೌ ಎಂಬ ದೊಡ್ಡ ಪಟ್ಟಣದಿಂದ ಇನ್ನೂ ಒಂದೆರಡು ಗಂಟೆ ಆಚೆ. ದೇಶದ ಈ ತುದಿಯಿಂದ ಆ ಮೂಲೆಗೆ ಎಂದಿಟ್ಟುಕೋ. ನಾನೂ ಜೊತೆಗೆ ಹೋಗುತ್ತೇನೆ. ವಿಮಾನ ಉಂಟು, ರೈಲು ಉಂಟು, ಆದರೆ ಒಂದು ವಾರ ಕಾರಿನಲ್ಲಿ ಪಕ್ಕದಲ್ಲಿ ಕೂತರೆ ಮನುಷ್ಯನ ಬಾಯಿಂದ ಅವನ ಮನೆತನದ ಎಲ್ಲ ಸಂಗತಿಯೂ ಹೊರಗೆ ಬರುತ್ತದೆ.

ಸುಮೀನಾಗೆ ನೆನಪಿಸು. ನಾನು ಅವರ ಮನೆ ನೋಡಿ ಸರಿ ಎಂದರೆ ನಿಕಾಹ್‌ಗೆ ಹುಡುಗನ ಕೈಗೆ ನಾನೇ ಕೈ ಕೊಡುತ್ತೇನೆ. ಬೇಡ ಎಂದರೆ ಅವಳು ಬಿಡಬೇಕು. ಅವಳೇ ಒಪ್ಪಿದ ಮಾತು.

ಅಲಿಕುಂಞಿ


ಅಲ್ ಕುಸೈಸ್, ದುಬೈ
ಮೇ 26

ಸುಮೀನಾಳ ಉಪ್ಪನಿಗೆ, ವ ಅಲೈಕುಮುಸ್ಸಲಾಂ.

ನೆನಪಿಸುವ ಅಗತ್ಯವಿಲ್ಲ. ನೀವು ಹೊರಟ ದಿನದಿಂದ ನಿಮ್ಮ ಮಗಳು ಆ ಮಾತನ್ನೇ ಮೆಲುಕು ಹಾಕುತ್ತಿದ್ದಾಳೆ. ಕಂಪನಿಯ ಬಸ್ಸಿನಿಂದ ಇಳಿದು ಬರುತ್ತಾಳೆ, ಊಟ ಮಾಡುತ್ತಾಳೆ, ಕೋಣೆ ಸೇರುತ್ತಾಳೆ. ‘ಉಪ್ಪ ಕಾಗದ ಬರೆದಿದ್ದಾರೆ’ ಎಂದರೆ ‘ಓಕೆ’ ಅನ್ನುತ್ತಾಳೆ. ಅಷ್ಟೇ. ನಿಮ್ಮ ಜೊತೆ ಮಾತು ಬಿಟ್ಟವಳು ಈಗ ನಿಮ್ಮ ವಿಷಯಕ್ಕೂ ಮಾತು ಬಿಟ್ಟಿದ್ದಾಳೆ.

ಒಂದು ಮಾತು ಹೇಳುತ್ತೇನೆ, ಸಿಟ್ಟು ಮಾಡಬೇಡಿ. ನೀವು ಹೋಗುತ್ತಿರುವುದು ಹುಡುಗನ ಮನೆಗೆ, ಯಿವು ಮಾರ್ಕೆಟ್ಟಿಗಲ್ಲ. ಅಲ್ಲಿ ಫ್ಲಾಸ್ಕು ತಟ್ಟಿ ನೋಡಿದ ಹಾಗೆ ಜನರನ್ನು ತಟ್ಟಿ ನೋಡಬೇಡಿ.

ಆದರೆ ಊರನ್ನು ಮಾತ್ರ ಚೆನ್ನಾಗಿ ನೋಡಿ ಬನ್ನಿ. ಚಳಿ ಎಷ್ಟು, ನೀರು ಹೇಗೆ, ಆಸ್ಪತ್ರೆ ಎಷ್ಟು ದೂರ. ಹೆಂಗಸರು ಕೆಲಸಕ್ಕೆ ಹೋಗುತ್ತಾರೆಯೇ? ಹೊರಗಿನವರು ಬಂದರೆ ಹೇಗೆ ನೋಡುತ್ತಾರೆ? ಅನ್ನ ಸಿಗುತ್ತದೆಯೇ, ಬರೇ ಗೋಧಿಯೇ? ಎಲ್ಲ ಬರೆಯಿರಿ. ಮರೆಯಬೇಡಿ.

ಶಾಲೆಯಲ್ಲಿ ಪರೀಕ್ಷೆಯ ಪೇಪರು ತಿದ್ದುವುದಿದೆ. ಬಿಪಿ ಮಾತ್ರೆ ತೆಗೆದುಕೊಳ್ಳಿ.

ಲೈಲಾ


ಹೆನಾನ್ ಪ್ರಾಂತದ ಒಂದು ಊರು
ಮೇ 29

ಲೈಲಾ, ಅಸ್ಸಲಾಮು ಅಲೈಕುಂ.

ನಿನ್ನ ಪ್ರಶ್ನೆಗಳನ್ನು ಓದಿ ಸಂತೋಷವಾಯಿತು. ನೀನು ಮಗಳ ಪಕ್ಷ ಎಂದುಕೊಂಡಿದ್ದೆ. ಚಳಿ, ನೀರು, ಆಸ್ಪತ್ರೆ ಎಂದೆಲ್ಲ ನೀನು ಕುಂದು ಹುಡುಕುತ್ತಿದ್ದೀ ಅಂದ ಮೇಲೆ ನಾವಿಬ್ಬರೂ ಒಂದೇ ದಾರಿಯಲ್ಲಿದ್ದೇವೆ ಎಂದಾಯಿತು.

ದಾರಿಯ ಕಥೆ ಕೇಳು. ಇಸ್‌ಹಾಕನದ್ದು ಕರೆಂಟಿನ ಕಾರು. ಹೆದ್ದಾರಿ ಹತ್ತಿದ ಕೂಡಲೇ ಅವನು ಸ್ಟೇರಿಂಗ್ ಬಿಟ್ಟು ಕೈಕಟ್ಟಿ ಕೂರುತ್ತಾನೆ, ಕಾರು ತಾನೇ ಹೋಗುತ್ತದೆ. ಲಾರಿಗಳ ನಡುವೆ ನುಸುಳುತ್ತದೆ. ಮೊದಲ ದಿನ ನಾನು ಕಲಿಮ ಹೇಳಿಕೊಳ್ಳುತ್ತಲೇ ಇದ್ದೆ. ‘ಸ್ಟೇರಿಂಗ್ ಹಿಡಿ ಮಾರಾಯ’ ಎಂದು ಅರಬಿಯಲ್ಲಿ ಬೈದರೆ, ‘ಹಾಜಿ, ನನಗಿಂತ ಅದಕ್ಕೆ ಕಣ್ಣು ಚೆನ್ನಾಗಿ ಕಾಣುತ್ತದೆ’ ಎಂದು ಬಾಯಿಗೆ ಸೂರ್ಯಕಾಂತಿ ಬೀಜ ಹಾಕಿಕೊಳ್ಳುತ್ತಾನೆ. ಮನುಷ್ಯ ಒಳ್ಳೆಯವನು, ಸುಳ್ಳು ಹೇಳಲಾರೆ. ಐದು ಹೊತ್ತಿನ ನಮಾಜಿಗೂ ಕಾರು ನಿಲ್ಲಿಸುತ್ತಾನೆ.

ನಿನ್ನೆ ಉಳಿದ ಹೋಟೆಲಿನಲ್ಲಿ ಕುಡಿಯುವ ನೀರು ಬೇಕೆಂದೆ. ಒಂದು ಡಬ್ಬದಂತಹ ಯಂತ್ರ ತಾನೇ ಲಿಫ್ಟು ಹತ್ತಿ ಬಂದು ಬಾಗಿಲಲ್ಲಿ ನಿಂತು ಹಾಡಿತು. ಹೊಟ್ಟೆಯೊಳಗೆ ಎರಡು ಬಾಟಲಿ ನೀರು. ಶುಕ್ರಾನ್ ಹೇಳಿದೆ, ಏನು ಮಾಡುವುದು? ರಸ್ತೆ ಬದಿ ಪೀಚು ಹಣ್ಣು ಮಾರುವ ಅಜ್ಜಿಗೆ ನೋಟು ಕೊಟ್ಟರೆ ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟಳು. ಫೋನಿನಲ್ಲಿ ಕೊಡಬೇಕಂತೆ.

ಆದರೆ ಹೆದ್ದಾರಿಯಿಂದ ಇಳಿದರೆ ಬೇರೆಯೇ. ಇಪ್ಪತ್ತು ಮೂವತ್ತು ಅಂತಸ್ತಿನ ಕಟ್ಟಡಗಳು ಸಾಲಾಗಿ ನಿಂತಿವೆ, ಸಂಜೆಯಾದರೆ ಅಲ್ಲೊಂದು ಇಲ್ಲೊಂದು ದೀಪ. ಹಳ್ಳಿಗಳಲ್ಲಿ ಮುದುಕರೇ. ಒಂದು ಕಡೆ ಶಾಲೆಯನ್ನು ವೃದ್ಧಾಶ್ರಮ ಮಾಡಿದ್ದಾರೆ, ಗೋಡೆಯ ಮೇಲೆ ಅಕ್ಷರಮಾಲೆ ಹಾಗೆಯೇ ಉಳಿದಿದೆ. ಇನ್ನೊಂದು ಗೋಡೆಯ ಮುಂದೆ ಇಸ್‌ಹಾಕ್ ಕಾರು ನಿಲ್ಲಿಸಿ ನಕ್ಕ. ‘ನಾನು ಹುಡುಗನಾಗಿದ್ದಾಗ ಇಂತಹ ಗೋಡೆಗಳಲ್ಲಿ ಒಂದೇ ಮಗು ಸಾಕು ಎಂದು ಬರೆದಿರುತ್ತಿತ್ತು. ಈಗ ಮೂರು ಹೆರಿ ಎಂದು ಬರೆದಿದ್ದಾರೆ. ಹೆರುವವರು ಎಲ್ಲಿದ್ದಾರೆ ಹಾಜಿ?’

ಇಂತಹ ಕಡೆಗೆ ನಮ್ಮ ಹುಡುಗಿ ಬಂದು ಬದುಕುವುದು ಕನಸಿನ ಮಾತು. ಯೂಸುಫ್ ದುಬೈಯಲ್ಲೇ ಇರುತ್ತೇನೆ ಎಂದು ಈಗ ಹೇಳಿಯಾನು. ನಾಳೆ ಅವನ ತಾಯಿಗೆ ಹುಷಾರಿಲ್ಲ ಎಂದು ಫೋನು ಬಂದರೆ? ಗಂಡನ ಹಿಂದೆ ಹೋಗಲೇಬೇಕಲ್ಲ. ನನಗಿರುವುದು ಅದೊಂದೇ ಹೆದರಿಕೆ, ನಿನ್ನಿಂದ ಏಕೆ ಮುಚ್ಚಿಡಲಿ? ಅವನು ಚೀನದವನು ಎಂಬ ಬೇಸರ ನನಗಿಲ್ಲ. ಒಬ್ಬಳೇ ಮಗಳು ಕಣ್ಣೆದುರಿಗೆ ಇರಬೇಕು.

ಅಲಿಕುಂಞಿ


ಖಾಲಿದಿಯಾ, ಅಬುಧಾಬಿ
ಮೇ 31

ಸುಮೀನಾಳ ಉಪ್ಪನಿಗೆ,

ಸುಮೀನಾಗೆ ಅಬುಧಾಬಿಯಲ್ಲಿ ಏನೋ ಆಫೀಸಿನ ಕೆಲಸವಿತ್ತು. ಅವಳ ಜೊತೆ ನಾನೂ ಎರಡು ದಿನಕ್ಕೆ ನಿಮ್ಮ ತಂಗಿಯ ಮನೆಗೆ ಬಂದಿದ್ದೇನೆ. ಬಂದದ್ದು ಒಳ್ಳೆಯದೇ ಆಯಿತು.

ಚಾ ಕುಡಿಯುವಾಗ ಮೆಹರುನ್ನಿಸ ಬಾಯಿ ತಪ್ಪಿ, ‘ಅತ್ತಿಗೆ, ಅನ್ಸಿಫ್ ಜೂನ್ ಕೊನೆಗೆ ಊರಿಂದ ಬರ್ತಾನೆ. ಅಣ್ಣ ಚೀನದಿಂದ ಬಂದ ಮೇಲೆ ಮಾತಾಡುವ ಅಂತ ಹೇಳಿದ್ದಾನಲ್ಲ’ ಅಂದಳು. ನಾನು ಲೋಟ ಕೆಳಗಿಟ್ಟೆ. ಅವಳ ಗಂಡನ ಅಣ್ಣನ ಮಗ ಅನ್ಸಿಫ್‌ಗೂ ನೀವು ಚೀನದಿಂದ ಬರುವುದಕ್ಕೂ ಎಂತ ಸಂಬಂಧ ಎಂದು ಕೇಳಿದೆ. ಅವಳ ಮುಖ ನೋಡಬೇಕಿತ್ತು. ಸುಮೀನಾ ಅಲ್ಲೇ ಕೂತಿದ್ದಳು. ಎದ್ದು ಬಾಲ್ಕನಿಗೆ ಹೋದಳು. ಈ ಸೆಕೆಯಲ್ಲಿ, ಮಧ್ಯಾಹ್ನದ ಹೊತ್ತು, ಬಾಗಿಲು ಹಾಕಿಕೊಂಡು ನಿಂತಳು.

ಹಾಗಾದರೆ ಸುಮೀನಾಗೆ ಅನ್ಸಿಫ್ ಎಂದು ಮೊದಲೇ ಎಣಿಸಿ ಆಗಿದೆ, ನೀವು ಮನೆ ನೋಡಲು ಹೋದದ್ದಲ್ಲ. ಬೇಡ ಎನ್ನುವುದಕ್ಕೆ ಒಂದು ನೆಪ ಹುಡುಕಲು ಹೋದದ್ದು. ಉತ್ತರ ಮೊದಲೇ ಜೇಬಿನಲ್ಲಿಟ್ಟುಕೊಂಡು ಅಷ್ಟು ದೂರ ಹೋಗಬೇಕಿತ್ತೇ?

ಅವಳು ಬಾಲ್ಕನಿಯಿಂದ ಒಳಗೆ ಬಂದು ಹೇಳಿದ್ದು ಒಂದೇ ಮಾತು. ‘ಉಮ್ಮ, ಪ್ರಾಮಿಸ್ ಈಸ್ ಪ್ರಾಮಿಸ್. ಉಪ್ಪ ಬೇಡ ಅಂದ್ರೆ ನಾನು ಬಿಡ್ತೇನೆ.’ ಅವಳು ಕೊಟ್ಟ ಮಾತಿಗೆ ತಪ್ಪುವವಳಲ್ಲ. ತಪ್ಪುವವಳಾಗಿದ್ದರೆ ನನಗೆ ಇಷ್ಟು ಹೆದರಿಕೆ ಇರುತ್ತಿರಲಿಲ್ಲ.

ಹೋಗಿದ್ದೀರಿ. ಇನ್ನಾದರೂ ಕಣ್ಣು ಬಿಟ್ಟು ನೋಡಿ ಬನ್ನಿ.

ಲೈಲಾ


ಗನ್ಸು, ಯೂಸುಫನ ಊರು
ಜೂನ್ 2

ಲೈಲಾ, ಅಸ್ಸಲಾಮು ಅಲೈಕುಂ.

ಮೆಹರುನ್ನಿಸಳ ಬಾಯಿಗೆ ಬೀಗವಿಲ್ಲ ಎಂದು ಗೊತ್ತಿದ್ದೂ ಅವಳಿಗೆ ಹೇಳಿದೆನಲ್ಲ. ಅನ್ಸಿಫ್ ವಿಷಯ ಸುಮ್ಮನೆ ಬಂದ ಮಾತು, ಅದನ್ನು ಹಿಡಿದು ಎಳೆಯಬೇಡ. ಸುಮೀನಾ ಆಫೀಸಿನ ಕೆಲಸ ಎಂದರೂ ಅತ್ತೆಯ ಮನೆಯಲ್ಲಿ ಎರಡು ದಿನ ಇದ್ದಳಲ್ಲ, ನಾಲ್ಕು ಬುದ್ಧಿಮಾತು ಕಿವಿಗೆ ಬಿದ್ದಿರುತ್ತದೆ.

ನಿನ್ನೆ ಇಲ್ಲಿಗೆ ಮುಟ್ಟಿದೆವು. ಕೆಂಪು ಮಣ್ಣಿನ ಬೋಳು ಗುಡ್ಡಗಳು, ನಡುವೆ ಕೆಸರು ಬಣ್ಣದ ಹೊಳೆ. ಬಿಳಿ ಟೊಪ್ಪಿ ಹಾಕಿದ ಗಂಡಸರು ಎಲ್ಲೆಲ್ಲೂ. ಚೀನದ ಒಳಗೆ ಇಷ್ಟು ಮುಸಲ್ಮಾನರನ್ನು ನೋಡಿ ನನ್ನ ಎದೆ ಒಂದು ಕ್ಷಣ ತುಂಬಿ ಬಂತು. ಮಸೀದಿಗೆ ಗುಮ್ಮಟವಿಲ್ಲ, ಚೀನದ ಹಳೆಯ ಮನೆಗಳಂತೆ ಹೆಂಚಿನ ಮಾಡು. ಮೊದಲು ಗುಮ್ಮಟ ಇತ್ತಂತೆ. ‘ಏನಾಯಿತು?’ ಎಂದು ಕೇಳಿದೆ. ಇಸ್‌ಹಾಕ್ ಕಾರಿನ ಎಸಿ ಜಾಸ್ತಿ ಮಾಡಿ, ‘ಸೆಕೆ ಅಲ್ಲವಾ ಹಾಜಿ?’ ಎಂದ. ಮತ್ತೆ ನಾನು ಕೇಳಲಿಲ್ಲ.

ಹೋಟೆಲಿನಲ್ಲಿ ವಿದೇಶಿಯರನ್ನು ಇಟ್ಟುಕೊಳ್ಳುವುದಿಲ್ಲ ಎಂದರು. ಪೊಲೀಸ್ ಠಾಣೆಗೆ ಹೋಗಿ, ಪಾಸ್‌ಪೋರ್ಟು ತೋರಿಸಿ, ಫೋಟೋ ತೆಗೆಸಿಕೊಂಡು, ಯಾರ ಮನೆಯಲ್ಲಿರುತ್ತೇನೆ, ಯಾಕೆ ಬಂದೆ ಎಂದು ಹೇಳಬೇಕಾಯಿತು. ‘ಸಂಬಂಧ ನೋಡಲು’ ಎಂದು ಇಸ್‌ಹಾಕ್ ಹೇಳಿದಾಗ ಆ ಎಳೆ ಪೊಲೀಸಿನವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು. ನನಗೇ ಮದುವೆ ಎಂದುಕೊಂಡಳೋ ಏನೋ.

ಹುಡುಗನ ತಂದೆ ಸುಲೈಮಾನ್. ಮಾತು ಕಡಿಮೆ. ತಾಯಿ ಗಿಡ್ಡ ಹೆಂಗಸು, ತಲೆಗೆ ಕಪ್ಪು ಬಟ್ಟೆ, ನನ್ನ ಲೋಟ ಖಾಲಿಯಾಗಲು ಬಿಡುವುದಿಲ್ಲ. ಚಹಾದಲ್ಲಿ ಖರ್ಜೂರ, ಕಲ್ಲುಸಕ್ಕರೆ, ಇನ್ನೂ ಏನೇನೋ. ಒಬ್ಬ ಮಗಳು ಮದುವೆಯಾಗಿ ದೂರದ ಪಟ್ಟಣದಲ್ಲಿ. ಮಗ ಇವನೊಬ್ಬನೇ. ಕುಂದು ಹೇಳಬೇಕೆಂದರೂ ಸಿಗುವುದಿಲ್ಲ, ಅಷ್ಟು ಮರ್ಯಾದಸ್ಥರು.

ಆದರೆ ಲೈಲಾ, ಇವತ್ತು ಒಂದು ಸಂಗತಿ ಕಂಡೆ. ಹೊಸ ಕಟ್ಟಡವೊಂದರ ಇಪ್ಪತ್ತೆರಡನೇ ಮಹಡಿಗೆ ಕರೆದುಕೊಂಡು ಹೋದರು. ಅಲ್ಲಿ ಯೂಸುಫನ ಹೆಸರಿನಲ್ಲಿ ಫ್ಲ್ಯಾಟು. ಮೂರು ಕೋಣೆ, ಸೋಫಾ, ದೊಡ್ಡ ಟಿವಿ, ಮಂಚದ ಮೇಲೆ ಕೆಂಪು ರೇಷ್ಮೆ ಹೊದಿಕೆ, ಪ್ಲಾಸ್ಟಿಕ್ ಕೂಡ ತೆಗೆದಿಲ್ಲ. ಮದುವೆಗೆಂದೇ ಮಾಡಿಟ್ಟದ್ದು ಎಂದು ತಾಯಿ ಕೈಸನ್ನೆಯಲ್ಲಿ ತೋರಿಸಿದಳು. ಅಡಿಗೆಮನೆಯ ನಲ್ಲಿ ತಿರುಗಿಸಿ ನೀರು ಬಿಟ್ಟಳು, ಕಿಟಕಿ ತೆರೆದಳು, ಎಲ್ಲವನ್ನೂ ಒರೆಸಿದಳು. ಆಗ ನನಗೆ ಹೊಳೆಯಿತು. ಇವರು ನಮ್ಮ ಮಗಳನ್ನು ಇಲ್ಲಿಗೆ ತರುವ ಲೆಕ್ಕದಲ್ಲೇ ಇದ್ದಾರೆ! ಹುಡುಗ ನಮ್ಮೆದುರು ದುಬೈ ಎನ್ನುತ್ತಾನೆ, ಇಲ್ಲಿ ಗೂಡು ಕಟ್ಟಿ ಇಟ್ಟಾಗಿದೆ.

ನನ್ನನ್ನು ಮಲಗಿಸಿರುವುದೂ ಅದೇ ಫ್ಲ್ಯಾಟಿನಲ್ಲಿ. ನಾಳೆ ಅವರ ಮನೆಯಲ್ಲಿ ಊಟ, ಅವನ ಚಿಕ್ಕಪ್ಪಂದಿರೂ ಬರುತ್ತಾರೆ. ಏನು ಹೇಳಬೇಕೆಂದು ಯೋಚಿಸುತ್ತಿದ್ದೇನೆ.

ಅಲಿಕುಂಞಿ


ಜೂನ್ 4

ಲೈಲಾ, ಅಸ್ಸಲಾಮು ಅಲೈಕುಂ.

ಇವತ್ತು ನಿನ್ನ ಗಂಡನ ಬೆನ್ನು ತಟ್ಟಬೇಕು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮಗಳಿಗೆ ಬೇಕಾದ ಹುಡುಗನೂ ಸಿಕ್ಕಿದ, ಮಗಳು ನಮ್ಮ ಕಣ್ಣೆದುರಿಗೂ ಉಳಿದಳು.

ನೀನು ಬೈದದ್ದು ಸರಿ. ನಾನು ಬೇಡ ಎನ್ನಲೆಂದೇ ಬಂದಿದ್ದೆ. ಆದರೆ ಒಂದು ವಾರ ಇಸ್‌ಹಾಕನ ಪಕ್ಕ ಕೂತು, ಈ ಜನರ ಉಪ್ಪು ತಿಂದು, ಬೇಡ ಎನ್ನಲು ನಾಲಿಗೆ ಬರಲಿಲ್ಲ. ಆಗ ನಮ್ಮ ಕಡೆಯ ಪದ್ಧತಿ ನೆನಪಾಯಿತು. ನಾನು ನಿನ್ನ ಉಮ್ಮನ ಮನೆಯಲ್ಲೇ ಅಳಿಯನಾಗಿ, ಪುದಿಯಾಪ್ಲೆಯಾಗಿ ಇದ್ದವನಲ್ಲವೇ? ಮದುಮಗನಿಗೆಂದು ಮನೆಯ ಒಳ್ಳೆಯ ಕೋಣೆ, ಹೊಸ ಚಾಪೆ, ತಲೆದಿಂಬಿಗೆ ಅತ್ತರು. ಮೀನಿನ ನಡುತುಂಡು ಮೊದಲು ನನ್ನ ಬಟ್ಟಲಿಗೆ. ನಿನ್ನ ಅಣ್ಣಂದಿರೂ ನಾನು ಕೈತೊಳೆಯುವ ತನಕ ಏಳುತ್ತಿರಲಿಲ್ಲ. ಸ್ವಂತ ಮನೆಯಲ್ಲಿ ನನಗೆ ಯಾವತ್ತೂ ಸಿಗದ ಮರ್ಯಾದೆ ಅದು.

ನಿನ್ನೆ ಊಟ ಮುಗಿದು ಎಲ್ಲರೂ ಕೂತಿದ್ದಾಗ, ಚಿಕ್ಕಪ್ಪಂದಿರ ಎದುರಿಗೇ ಹೇಳಿದೆ. ‘ನಿಮ್ಮ ಮಗನನ್ನು ನಮ್ಮ ಮನೆಯ ಪುದಿಯಾಪ್ಲೆ ಮಾಡಿಕೊಳ್ಳುತ್ತೇನೆ. ಅವನು ಬೇರೆ ಮನೆ ಮಾಡುವುದು ಬೇಡ. ಕುಸೈಸಿನ ನಮ್ಮ ದೊಡ್ಡ ಕೋಣೆ ಅವನಿಗೆ, ನಾನೂ ಹೆಂಡತಿಯೂ ಸಣ್ಣ ಕೋಣೆಗೆ ಹೋಗುತ್ತೇವೆ. ಇನ್ನು ಅವನು ನಮ್ಮ ಮನೆಯ ಮಗ. ಅವನ ಚಿಂತೆ ನಿಮಗೆ ಬೇಡ.’

ಇಸ್‌ಹಾಕ್ ಚೀನೀಯಲ್ಲಿ ಹೇಳುವ ಮೊದಲು ನನ್ನ ಮುಖ ನೋಡಿ, ‘ಹಾಜಿ, ಇದನ್ನು ಹೇಳಲೇಬೇಕಾ?’ ಎಂದ. ‘ಯಲ್ಲಾ, ಹೇಳು’ ಎಂದೆ. ಇನ್ನೊಮ್ಮೆ ಕೇಳಿದ. ‘ಹೇಳು ಮಾರಾಯ, ಒಳ್ಳೆಯ ಮಾತಿಗೆ ಎಂತ ನಾಚಿಕೆ’ ಎಂದೆ.

ಅವನು ಹೇಳಿ ಮುಗಿಸಿದ. ಸುಲೈಮಾನನ ಮುಖ ಕೆಂಪಾಯಿತು, ಎದ್ದು ಹೊರಗೆ ಹೋದ. ತಾಯಿ ತಲೆಬಟ್ಟೆಯ ತುದಿಯಲ್ಲಿ ಕಣ್ಣೊರೆಸಿಕೊಂಡಳು. ಗಂಡಸಿಗೆ ಕಣ್ಣೀರು ತೋರಿಸಲು ಸಂಕೋಚ, ಅದಕ್ಕೇ ಹೊರಗೆ ಹೋಗಿರಬೇಕು. ಇಷ್ಟು ದೊಡ್ಡ ಮರ್ಯಾದೆಯನ್ನು ಪರದೇಶದವನಿಂದ ಅವರು ಎಣಿಸಿರಲಿಲ್ಲ ಎಂದು ಕಾಣುತ್ತದೆ.

ಸುಮೀನಾಗೆ ಹೇಳು. ಈಗಲಾದರೂ ನನ್ನ ಜೊತೆ ಮಾತಾಡಲಿ.

ಅಲಿಕುಂಞಿ


ಅಲ್ ಕುಸೈಸ್
ಜೂನ್ 5

ಅಲಿಕುಂಞಿಯವರೇ,

ಮದುವೆಯಾದ ಇಷ್ಟು ವರ್ಷದಲ್ಲಿ ನಿಮ್ಮ ಹೆಸರು ಹಿಡಿದು ಬರೆಯುತ್ತಿರುವುದು ಇದೇ ಮೊದಲು. ನನ್ನ ಸಿಟ್ಟು ಎಷ್ಟೆಂದು ಅದರಲ್ಲೇ ತಿಳಿದುಕೊಳ್ಳಿ.

ಅವರು ಸಂತೋಷದಿಂದ ಎದ್ದು ಹೋದದ್ದಲ್ಲ. ನೀವು ಆ ಮನುಷ್ಯನ ಮುಖಕ್ಕೆ ಹೊಡೆದಿದ್ದೀರಿ, ಅವರ ತಮ್ಮಂದಿರ ಎದುರಿಗೆ.

ನಿನ್ನೆ ಮಧ್ಯಾಹ್ನ ಶಾಲೆ ಬಿಡುವಾಗ ಯೂಸುಫ್ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದ. ನನ್ನನ್ನು ಕಂಡು ಅಳುವುದೊಂದು ಬಾಕಿ. ‘ಉಮ್ಮ, ಉಪ್ಪ ಎಂತ ಹೇಳಿದ್ರು ಗೊತ್ತುಂಟಾ? ನಮ್ಮ ಕಡೆ ಹೆಣ್ಣಿನ ಮನೆಗೆ ಹೋಗಿ ಕೂರುವುದು ಗತಿ ಇಲ್ಲದ ಗಂಡು. ಮಗನಿಗೆ ಮನೆ ಮಾಡ್ಲಿಕ್ಕೆ ಆಗದ ಅಪ್ಪ ಮಾತ್ರ ಹಾಗೆ ಕಳಿಸುವುದು. ಆಮೇಲೆ ಮಗ ಆ ಅಪ್ಪನ ಮಗ ಅಲ್ಲ, ಹೆಸರೂ ಹೋಯ್ತು, ಮೊಮ್ಮಕ್ಕಳೂ ಅವರಿಗಲ್ಲ’ ಎಂದ, ನಮ್ಮ ಮನೆಯಲ್ಲಿ ಕಲಿತ ಮಾತಿನಲ್ಲೇ. ನಮ್ಮ ಪದ್ಧತಿ ಬೇರೆ, ಉಪ್ಪ ಗೌರವಕ್ಕೇ ಹೇಳಿದ್ದು ಎಂದು ಅವನಿಗೆ ಗೊತ್ತು. ಅವನ ತಂದೆಗೆ ಗೊತ್ತಿಲ್ಲ. ತಾಯಿ ಫೋನಿನಲ್ಲಿ ಅತ್ತಳಂತೆ.

ಆ ಫ್ಲ್ಯಾಟು ಏನೆಂದುಕೊಂಡಿರಿ? ಅಲ್ಲಿ ಗಂಡಿನ ಮನೆಯವರು ಮದುವೆಗೆ ಮೊದಲು ಮನೆ ಮಾಡಿಡಬೇಕು, ಇಲ್ಲದಿದ್ದರೆ ಯಾರೂ ಹೆಣ್ಣು ಕೊಡುವುದಿಲ್ಲ. ಅದಕ್ಕಾಗಿ ಸುಲೈಮಾನ್ ಊರು ಬಿಟ್ಟು, ದಕ್ಷಿಣದ ಪಟ್ಟಣದಲ್ಲಿ ನೂಡಲ್ ಅಂಗಡಿ ಇಟ್ಟುಕೊಂಡು, ಮಂಡಿ ಸವೆಯುವ ತನಕ ನಿಂತು ದುಡಿದರು. ಮಗ ಬಂದು ಅಲ್ಲಿರುತ್ತಾನೆ ಎಂಬ ಆಸೆಯನ್ನು ಅವರು ಎಂದೋ ಬಿಟ್ಟಿದ್ದಾರೆ. ಆದರೂ ಮಾಡಿದರು. ನಮ್ಮೆದುರು ತಲೆ ಎತ್ತಿ ನಿಲ್ಲಬೇಕೆಂದು ಮಾಡಿದರು. ನೀವು ಅದನ್ನು ನೋಡಿ ಬಂದು, ನಿಮ್ಮ ಮಗನಿಗೆ ನಾನು ಕೋಣೆ ಕೊಡುತ್ತೇನೆ ಎಂದಿರಿ.

ಸಿಟ್ಟಿನಲ್ಲೇ ಇನ್ನೊಂದು ಹೇಳಿಬಿಡುತ್ತೇನೆ. ಇಷ್ಟು ದಿನ ನಿಮ್ಮಿಂದ ಮುಚ್ಚಿಟ್ಟದ್ದು. ಕಂಪನಿ ಲಾಂಜೌನಲ್ಲಿ ಹೊಸ ಆಫೀಸು ತೆರೆಯುತ್ತಿದೆ. ಆಗಸ್ಟಿನಿಂದ ಅಲ್ಲಿಗೆ ಯೂಸುಫ್ ಮತ್ತು ಸುಮೀನಾ ಇಬ್ಬರನ್ನೂ ಕೇಳಿದ್ದಾರೆ. ಕೇಳಿದಾಗ ಮೊದಲು ಹೂಂ ಎಂದವಳು ನಿಮ್ಮ ಮಗಳು. ಅವನಲ್ಲ. ಅಬುಧಾಬಿಗೆ ಹೋದದ್ದು ಚೀನದ ಎಂಬಸಿಗೆ, ಸರ್ಟಿಫಿಕೇಟುಗಳಿಗೆ ಮುದ್ರೆ ಹಾಕಿಸಲು. ಯೂಸುಫ್ ತನ್ನ ತಂದೆತಾಯಿಗೂ ಇದನ್ನು ಹೇಳಿಲ್ಲ. ನೀವು ಬೇಡ ಎಂದರೆ ಇಬ್ಬರೂ ಹೋಗುವುದಿಲ್ಲ, ಅವರಿಗೆ ಸುಮ್ಮನೆ ಆಸೆ ತೋರಿಸುವುದು ಯಾಕೆ ಎಂದು.

ಚಳಿ, ನೀರು, ಆಸ್ಪತ್ರೆ ಎಂದು ನಾನು ಕೇಳಿದ್ದು ಕುಂದು ಹುಡುಕಲಿಕ್ಕಲ್ಲ. ನನ್ನ ಮಗಳು ಎಂತಹ ಕಡೆಗೆ ಹೋಗುತ್ತಾಳೆ ಎಂದು ತಿಳಿಯಲು. ಮೊದಲೇ ಹೇಳಿದ್ದರೆ ನೀವು ಹೋಗುತ್ತಲೇ ಇರಲಿಲ್ಲ. ನಿಮ್ಮ ಕಣ್ಣಿನಿಂದಲಾದರೂ ಆ ಊರನ್ನು ನೋಡೋಣ ಎಂದುಕೊಂಡೆ.

‘ಇಲ್ಲೇ ಹುಟ್ಟಿದವಳು, ಇಲ್ಲೇ ಇರು’ ಎಂದು ನಾನೂ ಅವಳಿಗೆ ಹೇಳಿ ನೋಡಿದೆ. ‘ಇಲ್ಲಿ ನಂದು ಎಂತ ಉಂಟು ಉಮ್ಮ? ಎರಡು ವರ್ಷಕ್ಕೊಮ್ಮೆ ವೀಸಾ ರಿನ್ಯೂ ಮಾಡುವುದು. ಉಪ್ಪ ರಿಟೈರ್ ಆದ ಮೇಲೆ ನೀವೂ ಊರಿಗೆ ಹೋಗ್ತೀರಿ. ನಾನು ಯಾರ ಕಣ್ಣೆದುರಿಗೆ ಇರಬೇಕು?’ ಎಂದು ಕೇಳಿದಳು. ನಿಮ್ಮಲ್ಲಿ ಉತ್ತರವಿದ್ದರೆ ಬರೆಯಿರಿ.

ನನಗೆ ನಿಮಗಿಂತ ಕಡಿಮೆ ಸಂಕಟ ಎಂದುಕೊಳ್ಳಬೇಡಿ. ನನಗೂ ಅವಳೊಬ್ಬಳೇ.

ಲೈಲಾ


ಅಲ್ ಕುಸೈಸ್
ಜೂನ್ 6, ಪೆರ್ನಾಲ್

ಸುಮೀನಾಳ ಉಪ್ಪನಿಗೆ,

ಬೆಳಿಗ್ಗೆಯಿಂದ ಮೇಲ್ ನೋಡುತ್ತಿದ್ದೇನೆ. ಉತ್ತರವಿಲ್ಲ. ಯೂಸುಫ್ ಇಸ್‌ಹಾಕರಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ಅವನ ತಾಯಿ, ‘ಹಾಜಿ ಫ್ಲ್ಯಾಟಿನ ಬಾಗಿಲು ತೆರೆಯುತ್ತಿಲ್ಲ, ಬಾಗಿಲಲ್ಲಿಟ್ಟ ಊಟ ಹಾಗೇ ಉಂಟು’ ಎಂದಳಂತೆ.

ಬಿಪಿ ಮಾತ್ರೆ ಉಂಟೋ, ಮುಗಿಯಿತೋ? ಅಷ್ಟು ಕಟುವಾಗಿ ಬರೆಯಬಾರದಿತ್ತು. ಬರೆದದ್ದು ಸುಳ್ಳಲ್ಲ, ಆದರೆ ಪರದೇಶದಲ್ಲಿ ಒಬ್ಬರೇ ಇರುವಾಗ ಬರೆಯಬಾರದಿತ್ತು.

ಸುಮೀನಾ ಹೊಸ ಬಟ್ಟೆ ಹಾಕಲಿಲ್ಲ. ಮಾಡಿದ ಬಿರಿಯಾನಿ ಪಕ್ಕದ ಮನೆಗೆ ಕೊಟ್ಟೆ. ‘ಉಪ್ಪ ಸೇಫ್ ಇದ್ದಾರಾ?’ ಎಂದು ಈಗಷ್ಟೇ ಕೇಳಿದಳು. ನೀವು ಹೋದ ಮೇಲೆ ನಿಮ್ಮ ವಿಷಯ ಕೇಳಿದ್ದು ಇದೇ ಮೊದಲು.

ಬೇಡ ಎಂದಾದರೂ ಬರೆಯಿರಿ. ಏನಾದರೂ ಬರೆಯಿರಿ.

ಲೈಲಾ


ಗನ್ಸು
ಜೂನ್ 7

ಲೈಲಾ, ಅಸ್ಸಲಾಮು ಅಲೈಕುಂ.

ಜೀವಂತ ಇದ್ದೇನೆ. ಮಾತ್ರೆಯೂ ಇದೆ. ನಿನ್ನ ಕಾಗದ ಓದಿದ ಮೇಲೆ ಫೋನ್ ಆಫ್ ಮಾಡಿ ಇಟ್ಟೆ. ಯಾರಿಗೂ ಮುಖ ತೋರಿಸಲು ಮನಸ್ಸಾಗಲಿಲ್ಲ. ಅವರಿಗೆ ಮಾಡಿದ ಅವಮಾನಕ್ಕೆ ನಾಚಿಕೆ ಒಂದು ಕಡೆ. ಇನ್ನೊಂದು ಕಡೆ ನಿನ್ನ ಮೇಲೆ ಕೆಟ್ಟ ಸಿಟ್ಟು. ನನ್ನನ್ನು ಕಣ್ಣು ಕಟ್ಟಿ ಕಳಿಸಿದೆಯಲ್ಲ ಎಂದು. ಅದು ಇನ್ನೂ ಪೂರ್ತಿ ಇಳಿದಿಲ್ಲ, ಬಂದು ಜಗಳ ಮಾಡುತ್ತೇನೆ. ನಿನ್ನೆ, ಈಗಲೇ ಲಾಂಜೌಗೆ ಹೋಗಿ ವಿಮಾನ ಹತ್ತುತ್ತೇನೆಂದು ಬಾಗಿಲ ಈಚೆಯಿಂದಲೇ ಇಸ್‌ಹಾಕನಿಗೆ ಹೇಳಿದೆ. ‘ಪೆರ್ನಾಲಿನ ಹೊಸ್ತಿಲಲ್ಲಿ ಮನೆಯಿಂದ ಅತಿಥಿಯನ್ನು ಕಳಿಸಿದರೆ ನನ್ನ ಅಕ್ಕ ಸಾಯುತ್ತಾಳೆ, ಒಂದು ದಿನ ತಡೆಯಿರಿ’ ಎಂದ. ಇಲ್ಲಿ ಪೆರ್ನಾಲ್ ನಿಮಗಿಂತ ಒಂದು ದಿನ ತಡ, ಇವತ್ತು.

ಬೆಳಿಗ್ಗೆ ಬಾಗಿಲು ಬಡಿದರು. ತೆರೆದರೆ ಸುಲೈಮಾನ್. ಕೈಯಲ್ಲಿ ಹೊಸ ಬಿಳಿ ಟೊಪ್ಪಿ. ಅದನ್ನು ನನ್ನ ತಲೆಗೆ ಇಟ್ಟು, ನಡೆ ಎಂಬಂತೆ ಕೈ ಮಾಡಿದರು. ಮಸೀದಿಯಲ್ಲಿ ಜಾಗವಿಲ್ಲದೆ ರಸ್ತೆಯ ತನಕ ಜನ. ಹೆಗಲಿಗೆ ಹೆಗಲು ಕೊಟ್ಟು ನಿಂತೆವು. ಸಲಾಂ ಹೇಳಿ ಮುಗಿಸಿದ ಮೇಲೆ ನಾನೇ ಅವರ ಕೈ ಹಿಡಿದು, ಇಸ್‌ಹಾಕನನ್ನು ಕರೆದು, ‘ನಮ್ಮ ಊರಲ್ಲಿ ಅದು ಗೌರವದ ಮಾತು. ನಾನೂ ಹಾಗೆ ಹೆಂಡತಿಯ ಮನೆಯಲ್ಲಿದ್ದವನು. ನಿಮ್ಮ ಊರಲ್ಲಿ ಅದು ಏನೆಂದು ಕೇಳದೆ ಹೇಳಿದ್ದು ನನ್ನ ತಪ್ಪು, ಮಾಫಿ ಕೊಡಿ’ ಎಂದೆ. ಅವರು ತಲೆಯಾಡಿಸಿದರು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ.

ಕುರ್ಬಾನಿ ಮುಗಿದ ಮೇಲೆ ಈ ಫ್ಲ್ಯಾಟಿಗೇ ಬಂದರು. ತಮ್ಮಂದಿರು ಇರಲಿಲ್ಲ. ಅವರು, ಅವರ ಹೆಂಡತಿ, ಇಸ್‌ಹಾಕ್, ನಾನು. ತಾಯಿ ಬಂದವಳೇ ಕಿಟಕಿ ತೆರೆದು, ನಲ್ಲಿ ತಿರುಗಿಸಿ ನೀರು ಬಿಟ್ಟಳು. ಯಾಕೆ ಎಂದು ಕೇಳಿದೆ. ಯಾರೂ ಇಲ್ಲದಿದ್ದರೆ ಪೈಪು ತುಕ್ಕು ಹಿಡಿಯುತ್ತದಂತೆ, ಪ್ರತಿ ಶುಕ್ರವಾರ ಬಂದು ನೀರು ಬಿಟ್ಟು ಹೋಗುತ್ತಾಳಂತೆ. ನನಗೆ ತೋರಿಸಲು ಅವತ್ತು ಹಾಗೆ ಮಾಡಿದ್ದಲ್ಲ. ಅವಳಿಗೆ ಅದು ಅಭ್ಯಾಸ.

ಆಮೇಲೆ ಸುಲೈಮಾನ್ ಬಾಯಿ ಬಿಟ್ಟರು. ಇಸ್‌ಹಾಕ್ ಒಂದೊಂದೇ ಮಾತಾಗಿ ಹೇಳಿದ. ‘ನೀವು ತಮ್ಮಂದಿರ ಎದುರು ಹೇಳಿದ್ದಕ್ಕೆ ನನಗೆ ಸಿಟ್ಟು ಬಂತು. ಆದರೆ ಹೇಳಿದ ಮಾತು ಸರಿ. ಇಲ್ಲಿ ಯಾರಿದ್ದಾರೆ? ಈ ಕಟ್ಟಡದಲ್ಲಿ ರಾತ್ರಿ ದೀಪ ಹಚ್ಚುವವರಿಲ್ಲ. ದುಬೈಯಲ್ಲಿ ಬೆಳೆದ ಹುಡುಗಿ ಇಲ್ಲಿಗೆ ಬಂದು ಏನು ಮಾಡುತ್ತಾಳೆ? ಮಗನನ್ನು ನೀವೇ ಇಟ್ಟುಕೊಳ್ಳಿ. ಜನ ಏನು ಬೇಕಾದರೂ ಹೇಳಿಕೊಳ್ಳಲಿ. ಅಲ್ಲೇ ಇರು, ವಾಪಸು ಬರುವ ಯೋಚನೆ ಮಾಡಬೇಡ ಎಂದು ಇವತ್ತೇ ಅವನಿಗೆ ಫೋನ್ ಮಾಡಿ ಹೇಳುತ್ತೇನೆ. ನನ್ನ ಮಾತು ಅವನು ಮೀರುವುದಿಲ್ಲ.’

ಲೈಲಾ, ನನಗೆ ಬೇಕಾದದ್ದೆಲ್ಲ ನನ್ನ ಮಡಿಲಿಗೆ ಬಂದು ಬಿತ್ತು. ನಾನು ಬಾಯಿ ಮುಚ್ಚಿ ಕೂತಿದ್ದರೆ ಸಾಕಿತ್ತು. ಲಾಂಜೌ ಆಫೀಸಿನ ವಿಷಯ ಅವರಿಗೆ ಗೊತ್ತಿಲ್ಲ. ಅವರು ಫೋನ್ ಮಾಡುತ್ತಿದ್ದರು, ಹುಡುಗ ತಂದೆಯ ಮಾತಿಗೆ ತಲೆಬಾಗಿ ದುಬೈಯಲ್ಲೇ ನಿಲ್ಲುತ್ತಿದ್ದ, ಅವನಿಲ್ಲದೆ ಸುಮೀನಾ ಹೋಗುವುದು ಎಲ್ಲಿಗೆ? ನಾನು ನಿಕಾಹ್‌ಗೆ ಕೈ ಕೊಟ್ಟು ದೊಡ್ಡ ಮನುಷ್ಯನೂ ಆಗುತ್ತಿದ್ದೆ. ಯಾರಿಗೂ ತಿಳಿಯುತ್ತಿರಲಿಲ್ಲ. ಅಲ್ಲಾಹನಾಣೆ, ಬಾಯಿ ಮುಚ್ಚಿಯೇ ಇದ್ದೆ. ಚಹಾ ಕುಡಿದೆ. ಇನ್ನೊಂದು ಲೋಟ ತುಂಬಿಸಿದಳು, ಅದನ್ನೂ ಕುಡಿದೆ. ಆಗಲಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಆ ಹೆಂಗಸು ಒಳಗೆ ಹೋಗಿ ಮಂಚದ ಮೇಲಿನ ಕೆಂಪು ಹೊದಿಕೆಯನ್ನು ಮಡಚತೊಡಗಿದಳು. ಗಂಡ ಹೇಳಿ ಮುಗಿಸಿದ್ದಾನೆ, ಇನ್ನು ಇದು ಯಾರಿಗೆ ಎಂಬಂತೆ. ಅಳಲಿಲ್ಲ. ಮೂಲೆಗೆ ಮೂಲೆ ಸರಿಯಾಗಿ ಹಿಡಿದು ಮಡಚುತ್ತಿದ್ದಳು. ನನಗೆ ನೋಡಲಾಗಲಿಲ್ಲ.

‘ಫೋನ್ ಮಾಡಬೇಡಿ’ ಎಂದೆ. ‘ನಿಮ್ಮ ಮಗ ಆಗಸ್ಟಿನಲ್ಲಿ ಲಾಂಜೌಗೆ ಕೆಲಸಕ್ಕೆ ಬರುತ್ತಾನೆ. ನನ್ನ ಮಗಳೂ ಬರುತ್ತಾಳೆ. ನನ್ನ ಒಪ್ಪಿಗೆ ಉಂಟು.’

ಇಸ್‌ಹಾಕ್ ಹೇಳಿದ. ತಾಯಿ ಹೊದಿಕೆ ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದು ಇನ್ನೊಮ್ಮೆ ಕೇಳಿದಳು. ಅವನು ಇನ್ನೊಮ್ಮೆ ಹೇಳಿದ. ಆಗ ಅತ್ತಳು. ಸುಲೈಮಾನ್ ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು, ಬಿಡಲೇ ಇಲ್ಲ. ಅವರ ಸಂತೋಷ ನೋಡಿ ನನಗೂ ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೊಟ್ಟೆ ಉರಿಯಿತು. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ನೀನು ಕೇಳಿದ್ದಕ್ಕೆಲ್ಲ ಈಗ ಸರಿಯಾಗಿ ಉತ್ತರ ಹೇಳುತ್ತೇನೆ. ಚಳಿ ಕಷ್ಟವೇ, ಆದರೆ ಮನೆಗಳಿಗೆ ಬಿಸಿನೀರಿನ ಪೈಪು ಉಂಟು. ಆಸ್ಪತ್ರೆ ಹತ್ತಿರ ಉಂಟು, ದೊಡ್ಡದು. ಹೆಂಗಸರು ಎಲ್ಲ ಕೆಲಸಕ್ಕೂ ಹೋಗುತ್ತಾರೆ. ಅನ್ನ ಕಡಿಮೆ, ಆದರೆ ಅಕ್ಕಿ ಸಿಗುತ್ತದೆ, ಅಂಗಡಿಗೆ ಹೋಗಿ ನೋಡಿದೆ. ಅತ್ತೆ ಒಳ್ಳೆಯವಳು. ಇದನ್ನು ನಾನು ತಟ್ಟಿ ನೋಡಿ ಹೇಳುತ್ತಿಲ್ಲ.

ಮೆಹರುನ್ನಿಸಳಿಗೆ ನಾನೇ ಫೋನ್ ಮಾಡಿ ಅನ್ಸಿಫ್ ವಿಷಯ ಖಲಾಸ್ ಎಂದು ಹೇಳುತ್ತೇನೆ. ಬುಧವಾರ ಬೆಳಿಗ್ಗೆ ದುಬೈಗೆ ಇಳಿಯುತ್ತೇನೆ. ಈ ಕಾಗದವನ್ನು ಸುಮೀನಾಗೆ ತೋರಿಸಬೇಡ, ಹೋಗು ಎಂಬ ಮಾತನ್ನು ಅವಳು ನನ್ನ ಬಾಯಿಂದಲೇ ಕೇಳಬೇಕು. ಅವಳಿಗೆ ರಜೆ ಹಾಕಿಸಿ ಏರ್‌ಪೋರ್ಟಿಗೆ ಕರೆದುಕೊಂಡು ಬಾ. ಆಗಸ್ಟಿನಿಂದ ಅವಳನ್ನು ಕಳಿಸಲು ನಾವು ಹೋಗುವುದು ಇದ್ದೇ ಇದೆ. ಈ ಒಂದು ಸಲ ಅವಳು ನನ್ನನ್ನು ಕರೆದುಕೊಂಡು ಹೋಗಲು ಬರಲಿ.

ಅಲಿಕುಂಞಿ